ಎಂಟು ಮುಖದ ಸಾಣೆಕಲ್ಲು

ಈಸ್ಟ್ ಹ್ಯಾಮಿನ ಒಂದೇ ಹೋಟೆಲಿನಲ್ಲಿ ಅಡುಗೆ ಮಾಡುವ ನನ್ನ ಗಂಡನೂ ಅಣ್ಣನೂ ಆರು ವರ್ಷದಿಂದ ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಿದ್ದರು. ಕಾರಣ, ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ. ಇಷ್ಟಕ್ಕೇ! ತಲೆ ಚಿಟ್ಟುಹಿಡಿದು, ೨೦೦೩ರ ಒಂದು ಭಾನುವಾರ ಇಬ್ಬರನ್ನೂ ಮ್ಯೂಸಿಯಮ್ಮಿಗೆ ಎಳೆದೊಯ್ದೆ.

ಗಾಜಿನ ಪೆಟ್ಟಿಗೆಯೊಳಗೆ ಸಾವಿರದ ನಾನೂರು ವರ್ಷ ಹಳೆಯ ಕಲ್ಲಿನ ರಾಜದಂಡ; ಎರಡು ತುದಿಯಲ್ಲೂ ಕೆತ್ತಿದ ನಾಲ್ಕು ನಾಲ್ಕು ಮುಖ.

"ಇದು ಸಾಣೆಕಲ್ಲಲ್ದಾ!" ಇಬ್ಬರೂ ಒಟ್ಟಿಗೇ ಕೂಗಿದರು.

ಮಗಳು ತೃಷಾ ಫಲಕ ಓದಿದಳು. "ಯೆಸ್ ಅಪ್ಪಾ, ಬಟ್ ನೆವರ್ ಯೂಸ್ಡ್."

ಅಣ್ಣ ಕಿಸಕ್ಕನೆ ನಕ್ಕ. "ಎಂಟ್ ಮುಖ ಇದ್ರೂ ಒಂದ್ ಕತ್ತಿ ಮಸಿಲಿಲ್ಲ. ನಮ್ಗ್ ಒಂದೊಂದೇ ಮುಖ, ಆರ್ ವರ್ಷ ಮಸುದೇ ಆಯ್ತಲ್ದಾ ಭಾವ!"

ನನ್ನ ಗಂಡ ನಕ್ಕೂ ನಕ್ಕೂ ನೆಲದ ಮೇಲೇ ಕುಳಿತರು. ಕಾವಲುಗಾರ ಗಾಬರಿಯಿಂದ ಓಡಿಬಂದ. ಇವರು ಹೊಟ್ಟೆ ಹಿಡಿದುಕೊಂಡೇ ಅಣ್ಣನ ಕೈಹಿಡಿದು ಎದ್ದು ಹೇಳಿದರು:

"ಆದ್ರೂ ಬೆಲ್ಲ ಹಾಕುದೇ ಸೈ, ಭಾವ."