ಎದ್ದು ನಿಂತವರು

ಈ ಕತೆಯನ್ನು ಮೊದಲು ಹೇಳಿದವಳು ಬನಹಟ್ಟಿಯ ಶೇವಂತಿ. ಕಳೆದ ಕಾರಹುಣ್ಣಿಮೆಯ ಮರುದಿನ, ಕಂಡಿಕೆಗೆ ನೂಲು ಸುತ್ತುತ್ತ. ರಬಕವಿಯಲ್ಲಿ ಇದನ್ನೇ ಇನ್ನಿಬ್ಬರು ಬೇರೆ ರೀತಿ ಹೇಳುತ್ತಾರೆ. ಆದರೆ ಶೇವಂತಿ ಆ ದಿನ ಅಲ್ಲಿದ್ದವಳು. ಆದ್ದರಿಂದ ಅವಳು ಹೇಳಿದ ಪಾಠವನ್ನೇ ಇಲ್ಲಿ ಅನುಸರಿಸಿದೆ.

ಮುತ್ತವ್ವ ತಾನು ಕಲಿಸುತ್ತಿದ್ದ ಶಾಲೆಯ ಗೇಟು ಹತ್ತಿ ಬ್ಯಾನರಿನ ಹಗ್ಗದ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು. ಒಳಗೆ ಪಡಸಾಲೆಯಲ್ಲಿ, ತೀರಿಕೊಂಡ ಚನಮಲ್ಲಪ್ಪ ಮಾಸ್ತರರನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಭಜನೆ ನಡೆದಿತ್ತು.

“ಏ ಮುತ್ತವ್ವಾ, ಇಳಿ ಕೆಳಗ. ಮಂದಿ ನೋಡಾಕತ್ತಾರ,” ಎಂದ ಸುಭಾಷ್. ಶಾಲೆಯ ಕಮಿಟಿಗೆ ಅವನೇ ಅಧ್ಯಕ್ಷ. ಬ್ಯಾನರ್ ಕಟ್ಟಿಸಿದವನೂ ಅವನೇ.

“ನೋಡ್ಲಿ ಬಿಡ್ರಿ. ‘ನೂರಾರು ಮಕ್ಕಳಿಗೆ ರ್‍ಯಾಂಕ್ ತಂದುಕೊಟ್ಟ ಗುರುವಿಗೆ ನಮನ’ ಅಂತ. ಒಂದ ಹುಡುಗಗರೆ ಅವರು ನಂಬರ್ ಕೊಟ್ಟಿದ್ರೇನ್ರಿ?”

“ಸತ್ತವರ ಬಗ್ಗೆ ಛಲೋ ಬರಸಬೇಕಲ್ಲವಾ.”

“ಕೆಳಗಿನ ಸಾಲೂ ಸತ್ತವರ ಬಗ್ಗೇನ ಐತೇನು?”

ಕೆಳಗಿನ ಸಾಲಿನಲ್ಲಿ, ಜೂನ್ ತಿಂಗಳಿಂದ ಇದೇ ಕಟ್ಟಡದಲ್ಲಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ತರಬೇತಿ ನೀಡಲಾಗುವುದೆಂದು ಅಚ್ಚಾಗಿತ್ತು.

ಸುಭಾಷ್ ದನಿ ತಗ್ಗಿಸಿದ. “ನೋಡವಾ, ನಿನ್ನ ಸಾಲ್ಯಾಗ ಉಳದಾವು ಏಳ ಹುಡುಗರು. ನಾ ಏನ್ ಮಾಡ್ಲಿ? ಹತ್ತ ಮನಿಯವರು ಕಳಸ್ತೇವಿ ಅಂದ್ರ ಈ ಬ್ಯಾನರ್ ನಾನ ಹರದ ಒಗೀತೇನಿ. ಇಲ್ಲಾಂದ್ರ ಮಣ್ಣ ಮುಗಿಸಿ ಬಂದ ಕೀಲಿಕೈ ಕೊಡು. ಊರ ಮಂದಿ ಎಲ್ಲಾ ಬಂದೈತಿ. ಇವತ್ತ ಕೇಳು.”

*

ಹತ್ತನೆಯ ವಯಸ್ಸಿಗೆ ಮುತ್ತವ್ವ ಬೇರೊಂದು ಶಾಲೆಯಲ್ಲಿ ಎರಡು ಸಲ ನಪಾಸಾಗಿ ಮನೆಯಲ್ಲಿ ಕುಳಿತವಳು. ಚನಮಲ್ಲಪ್ಪನವರು ಆಗಷ್ಟೇ ತಮ್ಮ ಕೈಮಗ್ಗದ ಮನೆಯಲ್ಲಿ ಶಾಲೆ ತೆರೆದಿದ್ದರು. ಅಲ್ಲಿ ತರಗತಿಗಳಿರಲಿಲ್ಲ, ಅಂಕಗಳಿರಲಿಲ್ಲ. ಪ್ರತಿ ಮಗುವಿಗೂ ಒಂದು ನೋಟುಬುಕ್ಕು. ಹೋದ ತಿಂಗಳು ಆ ಮಗುವಿಗೆ ಆಗದಿದ್ದ ಯಾವ ಕೆಲಸ ಈ ತಿಂಗಳು ಆಯಿತು ಎಂಬುದನ್ನಷ್ಟೇ ಮಾಸ್ತರರು ಅದರಲ್ಲಿ ಬರೆಯುತ್ತಿದ್ದರು.

‘ತಪ್ಪು’ ಎಂಬ ಮಾತನ್ನೂ ಅಲ್ಲಿ ಆಡುತ್ತಿರಲಿಲ್ಲ. ಮೊದಲ ವಾರ ಸೀರೆಯ ಅಂಚಿಗೆ ಬೇಕಾದ ಎಳೆಗಳ ಲೆಕ್ಕ ಹೊಂದದೆ, ಏಟು ಬೀಳುವ ಅಂಜಿಕೆಯಿಂದ ಮುತ್ತವ್ವ ಪಾಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

“ಎಳಿ ಎಲ್ಲಿ ಹರೀತು, ತೋರಸವಾ,” ಎಂದರು ಮಾಸ್ತರರು.

ಎಳೆ ಹರಿದರೆ ನೇಕಾರ ಬಟ್ಟೆಯನ್ನು ಬೈಯುವುದಿಲ್ಲ. ತುದಿ ಹುಡುಕಿ ಗಂಟು ಹಾಕುತ್ತಾನೆ. ಇದು ಆ ಹುಡುಗಿಗೂ ಗೊತ್ತಿತ್ತು. ಅವಳು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು, ಕೂಡಿಸದೆ ಬಿಟ್ಟಿದ್ದ ದಶಕದ ಮೇಲೆ ತಾನೇ ಬೆರಳಿಟ್ಟಳು.

ಮುಂದೆ ಅವಳೇ ಅಲ್ಲಿ ಕಲಿಸತೊಡಗಿದಳು. ಮಕ್ಕಳು ಕಡಿಮೆಯಾಗುತ್ತ ಹೋದದ್ದನ್ನೂ ಕಂಡಳು. ಹೋದ ವರ್ಷ ಜೋಡಣಿ ಓಣಿಯ ಯಮನಪ್ಪ ಬಂದು ಬಾಗಿಲಲ್ಲೇ ನಿಂತಿದ್ದ.

“ಮಾಸ್ತರ್ರ, ನಮ್ಮ ಪೂರ್ಣಿಮಾ ಎಷ್ಟನೇ ನಂಬರ್ ರೀ?”

“ಮೊದಲ ಕೇಳಿದ್ದಕ್ಕಷ್ಟ ಉತ್ತರ ಹೇಳತಿದ್ಲು ಯಮನಪ್ಪ. ಈಗ ನನಗ ತಾನ ಪ್ರಶ್ನಿ ಕೇಳಾಕತ್ತಾಳ.”

“ಪ್ರಶ್ನಿ ಕೇಳೂದಕ್ಕ ಎಷ್ಟ ಮಾರ್ಕ್ಸ್ ಕೊಡ್ತಾರ್ರಿ?”

ಮಾಸ್ತರರು ನಕ್ಕರು. ಯಮನಪ್ಪ ನಗಲಿಲ್ಲ. ಮುಂದಿನ ಸೋಮವಾರ ಪೂರ್ಣಿಮಾ ಟ್ಯೂಷನ್ನಿಗೆಂದು ಮಹಾಲಿಂಗಪುರದ ಬಸ್ಸು ಹತ್ತಿದಳು.

*

ರುದ್ರಭೂಮಿಯಲ್ಲಿ ಎಲ್ಲರೂ ಮಣ್ಣು ಕೊಟ್ಟಾದ ಮೇಲೆ ಬೇವಿನ ನೆರಳಲ್ಲಿ ಕುಳಿತು ಎರಡೆರಡು ಮಾತಾಡಿದರು. ಯಮನಪ್ಪನ ಸರದಿ ಬಂದಾಗ ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

“ಎಂಥಾ ಮಾಸ್ತರ್ರೀ ಅವರು! ಅವರ ಬೆತ್ತಕ್ಕ ಇಡೀ ಓಣಿ ಹೆದರತಿತ್ತು.”

ಮುತ್ತವ್ವನಿಗೆ ತಡೆಯಲಾಗಲಿಲ್ಲ. “ಯಾವ ಬೆತ್ತ ಯಮನಪ್ಪಣ್ಣ? ಅವರ ಕೈಯಾಗ ನೀ ಯಾವತ್ತ ನೋಡಿದಿ?”

ಯಮನಪ್ಪ ತಬ್ಬಿಬ್ಬಾದ. “ಮಾಸ್ತರ್ ಅಂದಮ್ಯಾಲ ಇರತೈತಲ್ಲವಾ…”

ಯಾರೋ ನಕ್ಕರು. ಸುಭಾಷ್ ಎದ್ದು, “ಆತು, ಈಗ ಮುತ್ತವ್ವ ಒಂದೆರಡ ಮಾತ ಹೇಳ್ತಾಳ,” ಎಂದ. ಕೂರುವಾಗ ಅವಳ ಕಿವಿಯ ಬಳಿ, “ಕೇಳಿಬಿಡು,” ಎಂದು ಸೇರಿಸಿದ.

ಅವಳು ನೋಟುಬುಕ್ಕುಗಳ ವಿಷಯ ಹೇಳಿದಳು. ಒಂದು ಮಗು ಬೇಗ ಕಲಿಯುತ್ತದೆ, ಇನ್ನೊಂದು ತಡವಾಗಿ. ಇಬ್ಬರನ್ನೂ ಒಂದೇ ದಿನ ಒಂದೇ ತಕ್ಕಡಿಯಲ್ಲಿ ತೂಗಿ ಒಂದನ್ನು ದಡ್ಡ ಎನ್ನುವುದನ್ನು ಮಾಸ್ತರರು ಒಪ್ಪಲಿಲ್ಲ ಎಂದಳು. ಹಿಂದಿನ ಸಾಲಿನಲ್ಲಿ ಒಬ್ಬ ಮೊಬೈಲು ತೆಗೆದ. ಮತ್ತೊಬ್ಬ ಆಕಳಿಸಿದ. ಅವಳು ಆ ಮಾತನ್ನು ಅಲ್ಲಿಗೇ ಬಿಟ್ಟಳು.

“ನನಗ ಭಾಷಣ ಬರಂಗಿಲ್ರಿ. ಒಂದ ಮಾತ ಕೇಳ್ತೇನಿ. ಜೂನದಾಗ ನಿಮ್ಮ ಹುಡುಗರನ್ನ ನನ್ನ ಹತ್ರ ಕಳಸಾವ್ರು ಯಾರದೀರಿ? ಹತ್ತ ಮನಿ ಸಾಕು. ಇಲ್ಲಾಂದ್ರ ಈ ಸಾಲಿ ಇವತ್ತಿಗೆ ಮುಗೀತು. ಕಳಸಾವ್ರು ಎದ್ದ ನಿಲ್ರಿ.”

ಯಾರೂ ಅಲುಗಲಿಲ್ಲ. ಒಬ್ಬಳು ಸೆರಗು ಸರಿಪಡಿಸಿಕೊಂಡಳು. ಸುಭಾಷ್ ನೆಲ ನೋಡುತ್ತಿದ್ದ.

ಆಗ ಯಮನಪ್ಪ ಎದ್ದ.

ಅವನ ಹಿಂದೆ ಇಬ್ಬರು ಎದ್ದರು. ಬೇವಿನ ಬುಡದಲ್ಲಿದ್ದ ನಾಲ್ವರು ಒಟ್ಟಿಗೇ ಎದ್ದರು. ಮುತ್ತವ್ವ ಬೆರಳು ಮಡಚುತ್ತ ಎಣಿಸಿದಳು. ಎಂಟು, ಒಂಬತ್ತು, ಹತ್ತು. ಹತ್ತು ದಾಟಿತು. ಅವಳ ಮುಖ ಆ ಗಳಿಗೆಯಲ್ಲಿ ಹೇಗಿತ್ತೆಂಬುದನ್ನು ಹೇಳಲು ಶೇವಂತಿಗೆ ಆಗಲಿಲ್ಲ. ನೂಲು ಸುತ್ತುವುದನ್ನು ನಿಲ್ಲಿಸಿ ಕಂಡಿಕೆಯನ್ನು ಕೆಳಗಿಟ್ಟಳು.

“ಕರೆಂಟ ಬಂತಲೇ! ಮಗ್ಗದ ಸ್ವಿಚ್ ಆರಿಸದನ ಬಂದೇನಿ,” ಎನ್ನುತ್ತ ಯಮನಪ್ಪ ಚಪ್ಪಲಿ ಹುಡುಕಿದ.

ಬೆಳಗಿನಿಂದ ಹೋಗಿದ್ದ ವಿದ್ಯುತ್ತು ಮರಳಿತ್ತು. ಓಣಿ ಓಣಿಯಿಂದ ಮಗ್ಗಗಳ ಖಟಖಟ ಸದ್ದು ಕೇಳತೊಡಗಿತ್ತು. ಕುಳಿತಿದ್ದವರು ಅದನ್ನು ಕೇಳಿ ಎದ್ದಿದ್ದರು, ಉಳಿದವರೂ ಏಳುತ್ತಿದ್ದರು. ಧೋತರಕ್ಕೆ ಹತ್ತಿದ ಮಣ್ಣು ಜಾಡಿಸಿಕೊಳ್ಳುತ್ತ, ಅವಸರ ಅವಸರವಾಗಿ ಅವರೆಲ್ಲ ಊರಿನ ದಾರಿ ಹಿಡಿದರು. ಮುತ್ತವ್ವನ ಬೆರಳುಗಳು ಮಡಚಿದಂತೆಯೇ ಇದ್ದವು. ಹತ್ತೊಂಬತ್ತನೆಯವಳಾಗಿ ಎದ್ದಿದ್ದ ಶೇವಂತಿ, ಅವಳ ಕಡೆ ನೋಡದೆ, ಎಲ್ಲರ ಹಿಂದೆ ಮನೆಗೆ ನಡೆದಳು.