ಎಡ ಬಿಡಬೇಡ

ಐದನೆಯ ಗೋಲೂ ಬಿದ್ದಾಗ ಸೇತುಮಾಧವ ಮೇಷ್ಟ್ರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದೇಬಿಟ್ಟರು. ಕಂಪ್ಯೂಟರ್ ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಮಿನುಗಿ ಮಾಯವಾಯಿತು. ಐದು–ಸೊನ್ನೆ. ಹೋದ ವಾರ ಇದೇ ಎದುರಾಳಿಯನ್ನು ಅವರ ತಂಡ ಸೋಲಿಸಿತ್ತು. ಈ ವಾರ ಅವರು ಮಾಡಿದ್ದು ಒಂದೇ ಬದಲಾವಣೆ. ಪಂದ್ಯ ಮುಗಿದಾಗಲೆಲ್ಲ ಹತ್ತಕ್ಕೆ ಆರು ಅಂಕ ಪಡೆಯುತ್ತಿದ್ದ, ನಡುವಿನಲ್ಲಿ ಆಡುವ ಒಬ್ಬ ಸಪ್ಪೆ ಆಟಗಾರನನ್ನು ತೆಗೆದು ಒಂಬತ್ತು ಅಂಕದವನನ್ನು ಹಾಕಿದ್ದರು.

“ಏನೋ ಗುರು, ನಿನ್ನ ಕಂಪ್ಯೂಟರ್ ಮೋಸ ಮಾಡತ್ತಲ್ಲೋ?”

ಗುರುಚರಣ್ ನಕ್ಕ. ಸೇಲಂನಲ್ಲಿ ಕಂಪ್ಯೂಟರ್ ಕಲಿಸುವ ಅಂಗಡಿ ಇಟ್ಟಿದ್ದ ಅವನು ಮೇಷ್ಟ್ರ ದೂರದ ನೆಂಟ. ಮದ್ರಾಸಿನಿಂದ ಬಂದ ಸಿ.ಡಿ.ಯೊಂದರಲ್ಲಿ ಈ ಫುಟ್‌ಬಾಲ್ ಆಟ ಇತ್ತು. ಪರದೆಯ ಮೇಲೆ ಆಟಗಾರರೆಂದರೆ ಬರೀ ಗುಂಡುಗಳು. ನಾವು ಕಾಲು ಅಲ್ಲಾಡಿಸುವ ಹಾಗಿಲ್ಲ. ತಂಡದ ಮ್ಯಾನೇಜರ್ ಆಗಿ ಯಾರನ್ನು ಎಲ್ಲಿ ಆಡಿಸಬೇಕೆಂದು ಹೇಳಬೇಕು, ಆಮೇಲೆ ಕೂತು ಫಲ ಅನುಭವಿಸಬೇಕು. ಭಾನುವಾರ ಬಂತೆಂದರೆ ಮೇಷ್ಟ್ರು ತಿಂಡಿ ತಿಂದ ಕೈ ಒಣಗುವ ಮೊದಲೇ ಇಲ್ಲಿರುತ್ತಿದ್ದರು. “ಆ ಗುಂಡುಗಳಿಗೆ ಊಟ ಬಡಿಸಿ ಬಂದಿರಾ?” ಎಂದು ಅವರ ಹೆಂಡತಿ ಕಮಲಿನಿ ಕೇಳುವುದು ವಾಡಿಕೆಯಾಗಿತ್ತು.

“ಮೋಸ ಅಲ್ಲ ಸಾರ್. ಆ ಆರರವನು ಏನು ಮಾಡ್ತಿದ್ದ ಅಂತ ಯಾವತ್ತಾದ್ರೂ ನೋಡಿದೀರಾ? ನೀವು ಗೋಲ್ ಹೊಡೆಯೋರನ್ನ ಮಾತ್ರ ನೋಡ್ತೀರಿ.”

ಗುರುಚರಣ್ ತಂಡದ ನಕ್ಷೆ ತೆರೆದ. ಹಸಿರು ಮೈದಾನದ ಮೇಲೆ ಹನ್ನೊಂದು ಗುಂಡುಗಳು, ಕೆಲವಕ್ಕೆ ಬಾಣದ ಗೆರೆ. ಎಡಗಡೆಯ ಬ್ಯಾಕ್ ಆಡುವವನು ಮುಂದಕ್ಕೆ ಓಡಿದ ಕೂಡಲೇ ಅವನ ಹಿಂದೆ ಒಂದು ತೂತು ಬೀಳುತ್ತದೆ. ಬಲಗಡೆಯವನು ಓಡಿದರೆ ಅಲ್ಲೂ ಅದೇ ಕಥೆ. ನಡುವಿನ ಈ ಆರಂಕದವನು ತೂತು ಬಿದ್ದ ಕಡೆಗೆ ಅಡ್ಡಡ್ಡ ಓಡಿ ನಿಲ್ಲುತ್ತಿದ್ದ. ಗೋಲು ಹೊಡೆದವನಲ್ಲ, ಹೊಡೆಸಿದವನಲ್ಲ. ಅಗಲಕ್ಕೆ ಓಡುವುದು, ಮುಚ್ಚುವುದು, ನಡುವಿಗೆ ವಾಪಸು ಬರುವುದು, ಇಷ್ಟೇ ಅವನ ಕೆಲಸ. ಅವನು ಇರುವಷ್ಟು ದಿನ ಅವನು ಯಾಕಿದ್ದಾನೆಂದು ತಿಳಿಯುವುದಿಲ್ಲ.

ಮೇಷ್ಟ್ರು ಆ ಗುಂಡನ್ನೇ ನೋಡುತ್ತ ನಿಂತರು. ಸೇಲಂನಿಂದ ದಿನಾ ರೈಲಿನಲ್ಲಿ ಹೋಗಿಬಂದು, ಮೊರಪ್ಪೂರಿನ ಶಾಲೆಯಲ್ಲಿ ಮೂವತ್ತು ವರ್ಷದಿಂದ ಡ್ರಿಲ್ ಮೇಷ್ಟ್ರಾಗಿದ್ದರೂ, ಚೆಂಡಿನ ಹಿಂದೆ ಓಡ್ರೋ ಎನ್ನುವುದಕ್ಕಿಂತ ಹೆಚ್ಚಿನದೇನನ್ನೂ ಅವರು ಯಾರಿಗೂ ಕಲಿಸಿರಲಿಲ್ಲ. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲೂ ಇಲ್ಲ. ರಿಟೈರಾಗುವ ವರ್ಷ, ಐವತ್ತೇಳರ ವಯಸ್ಸಿಗೆ, ಒಂದು ಗುಂಡಿನಿಂದ ಅವರಿಗೆ ಫುಟ್‌ಬಾಲ್ ಅರ್ಥವಾಯಿತು. ಅರ್ಥವಾದ ಕೂಡಲೇ ನೆನಪಾದವನು ಕುಪ್ಪುಸ್ವಾಮಿ.

ಕುಪ್ಪುಸ್ವಾಮಿ ಕಂಬೈನಲ್ಲೂರಿನ ಪಕ್ಕದ ಹಳ್ಳಿಯವನು, ಅವರ ಹಳೆಯ ವಿದ್ಯಾರ್ಥಿ. ಈಗ ಮೊರಪ್ಪೂರು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ದಿನಗೂಲಿಗೆ ಮೂಟೆ ಹೊರುತ್ತಿದ್ದ. ಸಂಜೆ ಮೇಷ್ಟ್ರು ಕಟ್ಟಿದ್ದ ಊರ ತಂಡದಲ್ಲಿ ಆಡುತ್ತಿದ್ದ. ಆಟಗಾರರ ಕೋಟಾದಲ್ಲಿ ರೈಲ್ವೆಗೆ ಸೇರಿಬಿಟ್ಟರೆ ಮೂಟೆ ಇಳಿಸಿ ಅದೇ ಪ್ಲಾಟ್‌ಫಾರ್ಮಿನ ಮೇಲೆ ಯೂನಿಫಾರ್ಮ್ ಹಾಕಿ ನಿಲ್ಲಬಹುದು ಎಂಬುದು ಅವನ ಆಸೆ. ಎರಡು ಸಲ ಆಯ್ಕೆಗೆ ಹೋಗಿದ್ದ. ಎರಡು ಸಲವೂ ಮೇಷ್ಟ್ರು ಅವನನ್ನು ಮುಂದೆ ಆಡಿಸಿದ್ದರು, ಎರಡು ಸಲವೂ ಅವನು ಒಂದು ಗೋಲನ್ನೂ ಹೊಡೆಯದೆ ಬಂದಿದ್ದ. ಜನವರಿಗೆ ಇಪ್ಪತ್ತೈದು ತುಂಬುತ್ತಿತ್ತು. ಆಮೇಲೆ ವಯಸ್ಸು ಮೀರಿದಂತೆ. ಡಿಸೆಂಬರಿನಲ್ಲಿ ಸೇಲಂನಲ್ಲಿ ನಡೆಯುವ ಆಯ್ಕೆಯ ಪಂದ್ಯವೇ ಕೊನೆಯ ಅವಕಾಶ.

ಮಾರನೆಯ ಸಂಜೆ ಮೈದಾನದ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ಮೇಷ್ಟ್ರು ಅವನಿಗೆ ಎಲ್ಲವನ್ನೂ ವಿವರಿಸಿದರು. ಗುಂಡು, ಬಾಣ, ತೂತು ಎಂದು ಅರ್ಧ ಗಂಟೆ ಹೇಳಿದ್ದು ಅವನ ತಲೆಗೆ ಹತ್ತಲಿಲ್ಲ. ಕೊನೆಗೆ ಬೇಸತ್ತು, “ನಿಮ್ಮಪ್ಪ ಊರಲ್ಲಿ ಏನು ಮಾಡ್ತಾನೋ?” ಎಂದರು.

“ನೀರುಗಂಟಿ ಸಾರ್. ಕೆರೆ ನೀರು ಬಿಡೋದು, ಕಟ್ಟೋದು.”

“ಬದು ಒಡೆದರೆ?”

“ಎಲ್ಲಿ ಒಡೀತೋ ಅಲ್ಲಿಗೆ ಓಡ್ತಾನೆ. ಸನಿಕೇಲಿ ಮಣ್ಣು ಆಕಿ ಮುಚ್ತಾನೆ. ಆಮೇಲೆ ತಿರುಗ ತೂಬಿನ ತಾವ ಬಂದು ನಿಲ್ತಾನೆ.” ಹೇಳುತ್ತಿದ್ದವನು ಥಟ್ಟನೆ ಮಾತು ನಿಲ್ಲಿಸಿದ. ಮಣ್ಣಿನ ಗೆರೆಯನ್ನು ನೋಡಿದ. “ಓ, ಅವ್ವಳೋದಾನಾ ಸಾರ್, ಇಷ್ಟೇನಾ? ಇದನ್ನ ಮೊದ್ಲೇ ಏಳಬಾರದಾ?”

ಅಷ್ಟೇ. ಆಮೇಲೆ ಅವನಿಗೆ ಕಲಿಸಲು ಏನೂ ಉಳಿಯಲಿಲ್ಲ. ಒಡೆಯುವ ಬದುವನ್ನು ಒಡೆಯುವ ಮೊದಲೇ ಕಾಣುವ ಕಣ್ಣು ಅವನಿಗೆ ಅಪ್ಪನಿಂದ ಬಂದಿತ್ತು. ಎಡದ ಬ್ಯಾಕ್ ಆಡುವ ಶಂಕರ್ ಕಾಲು ಎತ್ತುವ ಮೊದಲೇ ಕುಪ್ಪುಸ್ವಾಮಿ ಅವನ ಜಾಗದ ಕಡೆಗೆ ಹೊರಟಿರುತ್ತಿದ್ದ.

“ಒಂದು ಮಾತು ಸಾರ್,” ಎಂದ ಒಂದು ದಿನ. “ಬೆಳೆ ಬಂದ್ರೆ ಯಾರೂ ನಮ್ಮಪ್ಪನ್ನ ಕೇಳಲ್ಲ. ನೀರು ಕಟ್ಟಿದ್ದು ಯಾರು ಅಂತ ಯಾರಿಗೂ ಗ್ಯಾಪಕ ಇರಲ್ಲ. ಆಯ್ಕೆ ಮಾಡೋರಿಗೆ ಇದು ಕಾಣ್ತದಾ?”

“ಆಟ ಗೊತ್ತಿರೋರಿಗೆ ಕಾಣತ್ತೆ,” ಎಂದರು ಮೇಷ್ಟ್ರು. ಆಟ ತಮಗೇ ಗೊತ್ತಾಗಿ ಎರಡೇ ತಿಂಗಳಾಗಿತ್ತು ಎಂಬುದನ್ನು ಹೇಳಲಿಲ್ಲ.

ಇನ್ನೊಂದು ಉಪಾಯವನ್ನೂ ಅವರು ಮಾಡಿದರು. ತಂಡಕ್ಕೆ ತಮಿಳಿನಲ್ಲಿ ಹೇಳಿದರೆ ಎದುರಾಳಿಗೂ ತಿಳಿಯುತ್ತದೆ. ಲೆಫ್ಟು ರೈಟು ಎಂದರಂತೂ ಪ್ರೇಕ್ಷಕರಿಗೂ ತಿಳಿಯುತ್ತದೆ. ಆದ್ದರಿಂದ ಕುಪ್ಪುಸ್ವಾಮಿಗೆ ಕೂಗುವುದೆಲ್ಲ ಕನ್ನಡದಲ್ಲಿ. ಇಬ್ಬರ ಮನೆಮಾತೂ ಅದೇ. ಆದರೆ ಮೇಷ್ಟ್ರದು ಸೇಲಂನ ಅಗ್ರಹಾರದ ಕನ್ನಡ, ಅವನದು ಹೊಲಗದ್ದೆಯದು. ಎರಡೂ ತಮಿಳಿನ ನೀರು ಕುಡಿದೇ ಬೆಳೆದಿದ್ದವು, ಬೇರೆ ಬೇರೆ ಕಾಲುವೆಯಿಂದ.

ಇದು ಗೊತ್ತಾದದ್ದು ರೈಲಿನಲ್ಲಿ. ಮೈದಾನ ತೋರಿಸಿ ಬರೋಣವೆಂದು ಮೇಷ್ಟ್ರು ಒಂದು ಶನಿವಾರ ಅವನನ್ನು ಸೇಲಂಗೆ ಕರೆದುಕೊಂಡು ಹೊರಟಿದ್ದರು. ಪ್ಯಾಸೆಂಜರ್ ಗಾಡಿ ನಿಲ್ಲುವ ಮೊದಲೇ ಕುಪ್ಪುಸ್ವಾಮಿ ಹಾರಿ ಹತ್ತಿ, ಟವೆಲ್ ಎಸೆದು ಸೀಟು ಹಿಡಿದು, “ಸಾರ್, ಎಡ ಐತೆ ಬನ್ನಿ! ಎಡ ಐತೆ!” ಎಂದು ಕೂಗಿದ. ಮೇಷ್ಟ್ರು ಜನರ ನಡುವೆ ನುಗ್ಗಿ ಎಡಗಡೆಯ ಸೀಟುಗಳನ್ನೆಲ್ಲ ಹುಡುಕಿದರು. ಅವನು ಬಲಗಡೆ ಕೂತಿದ್ದ.

“ಎಡ ಅಂದ್ಯಲ್ಲೋ?”

“ಊಂ ಸಾರ್. ಕೂರಾಕೆ ಎಡ.”

“ಅದು ಜಾಗ ಕಣೋ. ಎಡ ಅಂದ್ರೆ ಲೆಫ್ಟು.”

“ಅದಕ್ಕೆ ನಾವು ಎಡಗೈ ಪಕ್ಕ ಅಂತೀವಿ,” ಎಂದು ಅವನು ನಕ್ಕ. ತಮಿಳಿನ ಇಡಂ ಅವನ ಹಳ್ಳಿಯವರ ಬಾಯಲ್ಲಿ ಎಡ ಆಗಿ ಕೂತುಬಿಟ್ಟಿತ್ತು. ಬಸ್ಸಿನ ಸೀಟು, ಮನೆ ಕಟ್ಟುವ ನಿವೇಶನ, ನಿಂತ ನೆಲ, ಎಲ್ಲವೂ ಎಡ. ಮೇಷ್ಟ್ರು ಮನೆಗೆ ಹೋಗಿ ಇದನ್ನು ಹೇಳಿ ನಕ್ಕರೆ, “ಮೊಸರಿಗೆ ತೈರು ಅನ್ನೋರು ನೀವು, ಅವನನ್ನ ನೋಡಿ ನಗ್ತೀರಾ?” ಎಂದಳು ಕಮಲಿನಿ. ಅಂದಿನಿಂದ ಅವರು ಜಾಗರೂಕರಾಗಿ ‘ಎಡಗೈ’, ‘ಬಲಗೈ’ ಎಂದೇ ಕೂಗತೊಡಗಿದರು. “ಎಡಗೈ ಒಡೀತು!” ಎಂದರೆ ಕುಪ್ಪುಸ್ವಾಮಿ ಅತ್ತ ಓಡುತ್ತಿದ್ದ.

ಡಿಸೆಂಬರಿನ ಆ ಭಾನುವಾರ ಬಿಸಿಲು ಹಿತವಾಗಿತ್ತು. ಬೇವಿನ ಮರದ ಕೆಳಗೆ ಆಯ್ಕೆ ಮಾಡುವವರು ಇಬ್ಬರು ಕೂತಿದ್ದರು. ಅವರಲ್ಲಿ ಬೋಳುತಲೆಯವರು ಬರೆದುಕೊಳ್ಳುತ್ತಿದ್ದರು. ಎದುರಾಳಿ ಸೇಲಂನದೇ ಒಂದು ಕ್ಲಬ್ಬು. ಮೊದಲ ಅರ್ಧದಲ್ಲಿ ಮೊರಪ್ಪೂರು ಒಂದು ಗೋಲು ಹೊಡೆಯಿತು. ಹೊಡೆದವನು ಯಾರೋ. ಮೇಷ್ಟ್ರು ನೋಡುತ್ತಿದ್ದುದು ಕುಪ್ಪುಸ್ವಾಮಿಯ ಬೆನ್ನ ಮೇಲಿನ ಎಂಟನೇ ನಂಬರನ್ನು ಮಾತ್ರ. ಎಡಕ್ಕೆ ಹೋದ, ಮುಚ್ಚಿದ, ಬಂದ. ಬಲಕ್ಕೆ ಹೋದ, ಮುಚ್ಚಿದ, ಬಂದ. ಎದುರಾಳಿಗಳು ಯಾವ ಕಡೆ ನುಗ್ಗಿದರೂ ಅಲ್ಲಿ ಇವನು ಮೊದಲೇ ನಿಂತಿರುತ್ತಿದ್ದ. ಬೋಳುತಲೆಯವರು ಪೆನ್ನನ್ನು ಕೆಳಗಿಟ್ಟು, ಪಕ್ಕದವರಿಗೆ ಕೈ ಮಾಡಿ ಎಂಟನೇ ನಂಬರನ್ನು ತೋರಿಸಿದ್ದು ಮೇಷ್ಟ್ರ ಕಣ್ಣಿಗೆ ಬಿತ್ತು. ಕಂಡಿತು, ಅವರಿಗೆ ಕಂಡಿತು ಎಂದು ಮನಸ್ಸಿನಲ್ಲೇ ಹೇಳಿಕೊಂಡರು. ಮೂವತ್ತು ವರ್ಷದ ಮೇಷ್ಟ್ರುಗಿರಿಯಲ್ಲಿ ಅಂಥ ಸಂತೋಷ ಅವರಿಗೆ ಇನ್ನೊಂದು ಆಗಿರಲಿಲ್ಲ.

ಆಟ ಮುಗಿಯಲು ಹತ್ತು ನಿಮಿಷವಿತ್ತು. ಶಂಕರ್ ಹುಮ್ಮಸ್ಸಿನಲ್ಲಿ ಮುಂದಕ್ಕೆ ಓಡಿ ಚೆಂಡು ಕಳೆದುಕೊಂಡ. ಎದುರಾಳಿಯ ಒಬ್ಬ ಚೋಟುದ್ದದ ಹುಡುಗ ಚೆಂಡು ಸಿಕ್ಕಿದ್ದೇ ಖಾಲಿ ಬಿದ್ದ ಎಡಗಡೆಗೆ ಬಾಣದಂತೆ ಹೊರಟ. ಕುಪ್ಪುಸ್ವಾಮಿಗೆ ಅದು ಕಂಡಿತ್ತು. ಅವನು ಆಗಲೇ ಅತ್ತ ಎರಡು ಹೆಜ್ಜೆ ಹಾಕಿಯೂ ಆಗಿತ್ತು.

ಮೇಷ್ಟ್ರು ಸುಮ್ಮನಿದ್ದಿದ್ದರೆ ಸಾಕಿತ್ತು. ಅವರು ಸುಮ್ಮನಿರಲಿಲ್ಲ. ಗೆರೆಯವರೆಗೂ ಓಡಿ, ಗಂಟಲು ಹರಿಯುವಂತೆ ಕೂಗಿದರು. ಕಲಿತು ಆಡಿದ ಮಾತಲ್ಲ, ತೊಟ್ಟಿಲಿನಿಂದ ಬಂದ ಮನೆಯ ಮಾತೇ ಬಾಯಿಗೆ ಬಂತು.

“ಎಡ ಬಿಡಬೇಡ! ಕುಪ್ಪುಸ್ವಾಮಿ, ಎಡ ಬಿಡಬೇಡ!”

ಕುಪ್ಪುಸ್ವಾಮಿ ನಿಂತ. ಒಮ್ಮೆ ಮೇಷ್ಟ್ರ ಕಡೆ ನೋಡಿದ. ಆಗಲಿ ಎಂಬಂತೆ ತಲೆಯಾಡಿಸಿದ. ಎರಡು ಹೆಜ್ಜೆ ಹಿಂದಕ್ಕೆ ಬಂದು ನಡುವಿನ ತನ್ನ ಜಾಗದಲ್ಲಿ ಕಾಲೂರಿ ನಿಂತುಬಿಟ್ಟ. ಆ ಚೋಟುದ್ದದ ಹುಡುಗ ಅವನಿಂದ ಹತ್ತು ಮಾರು ದೂರದಲ್ಲಿ ಒಬ್ಬನೇ ಓಡಿಹೋದ. ಗೋಲು ಬಿದ್ದ ಸದ್ದು ಕೇಳುವವರೆಗೂ ಮೇಷ್ಟ್ರಿಗೆ ತಾನು ಏನು ಕೂಗಿದೆ ಎಂಬುದು ಹೊಳೆಯಲಿಲ್ಲ. ಹೊಳೆದಾಗ ಬಾಯಿ ಮುಚ್ಚಿಕೊಂಡು ಹುಲ್ಲಿನ ಮೇಲೆ ಕೂತರು. ಐದು ನಿಮಿಷ ಬಿಟ್ಟು ಇನ್ನೊಂದು ಗೋಲು ಬಿದ್ದದ್ದನ್ನು ಅವರು ನೋಡಲೂ ಇಲ್ಲ.

ಪಂದ್ಯ ಮುಗಿದ ಮೇಲೆ ಬೇವಿನ ಮರದ ಹತ್ತಿರ ಹೋಗಿ ಕೈ ಮುಗಿದರು. ಬೋಳುತಲೆಯವರು ಮರ್ಯಾದಸ್ಥರು, ಎದ್ದು ನಿಂತೇ ಮಾತಾಡಿದರು.

“ಎಟ್ಟಾಂ ನಂಬರಾ? ನಲ್ಲಾ ಪೈಯನ್ ಸಾರ್. ಪೇರ್ ಎಳುದಲಾಮ್‌ನು ಇರುಂದೇನ್.” ಎಂಟನೆಯವನು ಒಳ್ಳೆಯ ಹುಡುಗ, ಹೆಸರು ಬರೆಯೋಣ ಎಂದೇ ಇದ್ದರಂತೆ. “ಆನಾ ಮುಕ್ಕಿಯಮಾನ ನೇರತ್ತುಲ ನಿನ್ನುಟ್ಟಾನೇ!” ಮುಖ್ಯವಾದ ಹೊತ್ತಿನಲ್ಲಿ ನಿಂತುಬಿಟ್ಟನಲ್ಲ ಎಂದು ಅವರಿಗೂ ಬೇಸರವಾಗಿತ್ತು.

“ನಾನೇ ನಿಲ್ಲಿಸಿದೆ ಸಾರ್,” ಎಂದರು ಮೇಷ್ಟ್ರು ತಮಿಳಿನಲ್ಲಿ. “ನನ್ನ ಮಾತಿನ ತಪ್ಪು.”

ಶಿಷ್ಯನ ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳುವ ಮೇಷ್ಟ್ರುಗಳನ್ನು ಅವರು ಬಹಳ ಕಂಡಿರಬೇಕು. ಪ್ರೀತಿಯಿಂದಲೇ ಇವರ ಭುಜ ತಟ್ಟಿ ಕಾಗದ ಮಡಿಸಿದರು. ಒಂದು ಪದಕ್ಕೆ ಎರಡು ಅರ್ಥ ಎಂದು ಅವರಿಗೆ ಹೇಗೆ ತಿಳಿಸುವುದು, ತಿಳಿಸಿದರೂ ನಂಬುವವರು ಯಾರು? ಮೇಷ್ಟ್ರು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಅವರ ಜೀಪು ಹೊರಟಿತ್ತು.

ತಂಡದ ಉಳಿದವರು ಹತ್ತಿದ ಸಂಜೆಯ ರೈಲು ಕುಪ್ಪುಸ್ವಾಮಿಗೆ ತಪ್ಪಿತ್ತು. ಅವನ ಊರ ಕಡೆ ಹೋಗುವ ಹರೂರಿನ ಬಸ್ಸಿಗೆ ಬಿಡಲು ಮೇಷ್ಟ್ರು ಅವನ ಜೊತೆ ಬಸ್ ಸ್ಟ್ಯಾಂಡಿಗೆ ನಡೆದರು. ಕುಪ್ಪುಸ್ವಾಮಿ ಬೂಟುಗಳನ್ನು ಲೇಸಿನಿಂದ ಕಟ್ಟಿ ಹೆಗಲಿಗೆ ಹಾಕಿಕೊಂಡಿದ್ದ. ಟೀ ಅಂಗಡಿಯ ಮುಂದೆ ಮೇಷ್ಟ್ರೇ ನಿಂತರು.

“ಟೀ ಕುಡೀತೀಯೇನೋ?”

“ಬ್ಯಾಡ ಸಾರ್.” ಅವನು ಹೆಗಲ ಮೇಲಿನ ಬೂಟುಗಳನ್ನು ಸರಿಮಾಡಿಕೊಂಡು ಹೇಳಿದ, “ಎಡಗೈ ಪಕ್ಕ ಒಡೀತು ಅಂತ ನಂಗೆ ಗೊತ್ತಾಯ್ತು ಸಾರ್. ಒಂಟೂ ಬಿಟ್ಟಿದ್ದೆ. ಆದ್ರೆ ನೀವು ಎಡ ಬಿಡಬ್ಯಾಡ ಅಂದ್ರಿ. ಸಾರ್‌ಗೆ ನಡುವೆ ಇನ್ನೇನೋ ಕಂಡಿರ್ತದೆ, ಅವರಿಗೆ ತಿಳೀದೇ ಇರೋದು ನಂಗೇನು ತಿಳೀತದೆ ಅಂತ ನಿಂತೆ. ನಾನು ಎಡ ಬಿಡಲೇ ಇಲ್ಲ ಸಾರ್.”

ಅವನ ದನಿಯಲ್ಲಿ ದೂರು ಇರಲಿಲ್ಲ. ಹೇಳಿದಂತೆ ಕೇಳಿದ್ದೇನೆ, ಇನ್ನು ತಪ್ಪು ಎಲ್ಲಾಯಿತು ಎಂದು ಕೇಳುವವನ ದನಿ ಅದು. ನಿನ್ನ ಕಣ್ಣೇ ಸರಿಯಿತ್ತು, ನಿನ್ನ ಕಾಲೇ ಸರಿಯಿತ್ತು, ನನ್ನ ನಾಲಿಗೆ ನಿನ್ನ ಬಾಳನ್ನು ಕೆಡಿಸಿತು ಎಂದು ಮೇಷ್ಟ್ರು ಹೇಳಬೇಕಿತ್ತು. ಬೇರೇನನ್ನೂ ಕೊಡಲಾಗದವನು ಅದೊಂದನ್ನಾದರೂ ಕೊಡಬಹುದಿತ್ತು. ಅವರಿಗೆ ಧೈರ್ಯ ಸಾಲಲಿಲ್ಲ.

“ಆಟದಲ್ಲಿ ಒಂದೊಂದ್ಸಲ ಹಾಗಾಗತ್ತಪ್ಪ,” ಎಂದರು. ಆ ಮಾತು ಅವರ ಕಿವಿಗೇ ಹೇಸಿಗೆಯಾಗಿ ಕೇಳಿಸಿತು.

“ಸರಿ ಸಾರ್,” ಎಂದ ಕುಪ್ಪುಸ್ವಾಮಿ. “ನಾಳೆ ಬೆಳಗ್ಗೆ ಸಿಮೆಂಟ್ ವ್ಯಾಗನ್ ಬರ್ತೈತೆ. ಬೇಗ ಓಗಬೇಕು.”

ಬಸ್ಸು ಬಂದು ತಿರುಗುವ ಮೊದಲೇ ಜನ ಮುತ್ತಿಕೊಂಡರು. ಕುಪ್ಪುಸ್ವಾಮಿ ಅಭ್ಯಾಸದಂತೆ ಕಿಟಕಿಯಿಂದ ಟವೆಲ್ ಎಸೆದು, ಗುಂಪನ್ನು ಭೇದಿಸಿ ಒಳಗೆ ಹೋದ. ಮೇಷ್ಟ್ರು ಹೊರಗೆ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ನಡೆದರು, ಒಂದು ಸಲ ಹಿಂದಕ್ಕೆ, ಒಂದು ಸಲ ಮುಂದಕ್ಕೆ. ಎಲ್ಲೂ ಅವನ ಮುಖ ಕಾಣಲಿಲ್ಲ. ಡ್ರೈವರ್ ಹಾರ್ನ್ ಒತ್ತಿದ. ಬಸ್ಸಿನ ಆಚೆ ಮಗ್ಗುಲಿನಿಂದ ಅವನ ದನಿ ಕೇಳಿತು.

“ಎಡ ಸಿಕ್ತು ಸಾರ್! ನೀವು ಮನೆಗೋಗಿ, ಎಡ ಸಿಕ್ತು!”

ಮೇಷ್ಟ್ರು ಬಸ್ಸಿನ ಹಿಂದಿನಿಂದ ಸುತ್ತಿ ಬಲಗಡೆಗೆ ಓಡಿದರು. ಅಷ್ಟರಲ್ಲಿ ಬಸ್ಸು ಹೊರಟಿತ್ತು. ಹೊಗೆಯ ನಡುವೆ ಒಂದು ಕಿಟಕಿಯಿಂದ ಜೋಡಿ ಬೂಟುಗಳು ಹೊರಗೆ ತೂಗಾಡುತ್ತಿದ್ದವು.