ಕೊನೆಯ ಫಾರಮಿನ ಪ್ರೂಫ್

ಹಂಪನಕಟ್ಟೆಯ ನಿತ್ಯಾನಂದ ಶೆಟ್ಟರಿಗೆ ಸ್ವಂತ ಪ್ರೆಸ್ಸು ಇತ್ತು. ಸ್ವಂತ ಪ್ರೆಸ್ಸು ಇರುವ ಮನುಷ್ಯ ಕಾದಂಬರಿ ಬರೆಯುತ್ತೇನೆಂದರೆ ಬೇಡ ಎನ್ನುವವರು ಯಾರು? ಮೂವತ್ತಾರನೆಯ ಇಸವಿಯಲ್ಲಿ ಶೆಟ್ಟರು ಬರೆದೇಬಿಟ್ಟರು. ಜಮೀನ್ದಾರರ ಮಗ, ವಕೀಲರ ಮಗಳು, ಮುಖ ನೋಡದೆ ಬರೀ ಕಾಗದ ಬರೆದುಕೊಂಡೇ ಪ್ರೀತಿಸುವ ಕಥೆ. ಬರೆದದ್ದನ್ನು ತಿರುಗಿ ಓದುವ ಅಭ್ಯಾಸ ಶೆಟ್ಟರಿಗೆ ಇರಲಿಲ್ಲ. ಅದು ಪ್ರೂಫ್ ನೋಡುವವರ ಕೆಲಸ ಎಂದು ಅವರ ಅಭಿಪ್ರಾಯ.

ಪ್ರೂಫ್ ನೋಡುತ್ತಿದ್ದವಳು ಬಿಜೈಯ ನಳಿನಾಕ್ಷಿ, ಹೆಣ್ಣುಮಕ್ಕಳ ಶಾಲೆಯ ಟೀಚರು. ಅಚ್ಚಿನ ಮೊಳೆ ಜೋಡಿಸುತ್ತಿದ್ದವನು ದುಗ್ಗಪ್ಪ. ಮೊಳೆಯ ಮೇಲಿನ ತಿರುಗುಮುರುಗು ಅಕ್ಷರಗಳನ್ನು ನೀರು ಕುಡಿದಂತೆ ಓದುವ ಈ ಪುಣ್ಯಾತ್ಮನಿಗೆ ಮನುಷ್ಯರೆದುರು ನಿಂತರೆ ಬಾಯಿಗೆ ಬೀಗ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಪ್ರೆಸ್ಸಿನ ಜವಾನ ಶುಕೂರ್ ಬುಧವಾರ ಪ್ರೂಫ್ ಕೊಟ್ಟು ಬರುತ್ತಿದ್ದ, ಗುರುವಾರ ಹೋಗಿ ತರುತ್ತಿದ್ದ.

ಶುರುವಾದದ್ದು ಮೂರನೆಯ ಅಧ್ಯಾಯದಲ್ಲಿ. ನಳಿನಾಕ್ಷಿ ಅಂಚಿನಲ್ಲಿ ಬರೆದಳು: "ನಾಯಕಿ ಈ ಪುಟದಲ್ಲಿ ಮೂರನೆಯ ಸಲ ಮೂರ್ಛೆ ಹೋಗಿದ್ದಾಳೆ. ವೈದ್ಯರನ್ನು ಕರೆಸುವವರು ಯಾರೂ ಇಲ್ಲವೇ?" ದುಗ್ಗಪ್ಪ ಅರ್ಧ ದಿನ ಯೋಚಿಸಿ ಮುಂದಿನ ಪ್ರೂಫಿನ ಅಂಚಿನಲ್ಲಿ ಬರೆದ: "ವೈದ್ಯರು ಇಪ್ಪತ್ತನೆಯ ಪುಟದಲ್ಲೇ ತೀರಿಕೊಂಡಿದ್ದಾರೆ." ಮುಂದಿನ ಗುರುವಾರ ಪ್ರೂಫಿನಲ್ಲಿ ತಪ್ಪಿಗಿಂತ ಮಾತು ಜಾಸ್ತಿ ಇತ್ತು. ಅವಳ ಶಾಲೆಯ ಹೆಡ್ಮಿಸ್ಟ್ರೆಸ್, ಇವನ ತಾಯಿಯ ಮಂಡಿನೋವು, ಬಂಗುಡೆ ಮೀನಿಗೆ ಹುಣಸೆಹುಳಿ ಎಷ್ಟು ಹಾಕಬೇಕು ಎಂಬ ವಿಚಾರ, ಎಲ್ಲವೂ ಅಂಚಿನಲ್ಲೇ ನಡೆಯಿತು. ಹೀಗೆ ಏಳು ತಿಂಗಳು. ಹಳೆಯ ಪ್ರೂಫುಗಳಿಂದ ಒಲೆ ಹೊತ್ತಿಸುವುದು ಪ್ರೆಸ್ಸಿನ ಪದ್ಧತಿ. ದುಗ್ಗಪ್ಪ ಅವನ್ನು ಮಡಚಿ ಮನೆಗೆ ಒಯ್ಯುತ್ತಿದ್ದ. ಇದಕ್ಕೆ ಏನೆನ್ನುತ್ತಾರೆಂದು ಅವನಿಗೆ ಗೊತ್ತಿತ್ತು, ಆ ಶಬ್ದವನ್ನು ದಿನಕ್ಕೆ ಇಪ್ಪತ್ತು ಸಲ ಅವನೇ ಜೋಡಿಸುತ್ತಿದ್ದನಲ್ಲ.

ಕೊನೆಯ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕೊನೆಯ ಕಟ್ಟು, ಒಂದೇ ಬಾಕಿಯಿದ್ದಾಗ ಗುರುವಾರದ ಅಂಚಿನಲ್ಲಿ ಹೀಗಿತ್ತು: "ಆದಿತ್ಯವಾರ ಕಾರ್ಕಳದವರು ನನ್ನನ್ನು ನೋಡಲು ಬರುತ್ತಾರೆ. ಅಮ್ಮ ಒಪ್ಪುವ ಹಾಗೆ ಕಾಣುತ್ತದೆ. ನಿಮಗೆ ಹೇಳುವುದೇನಾದರೂ ಇದ್ದರೆ ಬುಧವಾರಕ್ಕೆ ಕಾಯದೆ ಕೊನೆಯ ಪ್ರೂಫ್ ಕಳಿಸಿ, ಅದರಲ್ಲಿ ಹೇಳಿ."

ದುಗ್ಗಪ್ಪ ಪೆನ್ಸಿಲ್ ಹಿಡಿದ. ಬರೆದ, ಅಳಿಸಿದ. ಎರಡು ದಿನ ಬರೆದು ಅಳಿಸಿದ. ಮೊಳೆ ಹಿಡಿದಾಗ ಮಾತ್ರ ತಡವರಿಸದ ಕೈ ಅದು. ಶನಿವಾರ ಬೆಳಿಗ್ಗೆ ಅವನು ನಾಯಕನ ಕೊನೆಯ ಕಾಗದವನ್ನು ಫಾರಮಿನಿಂದ ತೆಗೆದು, ದಾರ ಕಟ್ಟಿ ಬದಿಗಿಟ್ಟು, ಆ ಜಾಗದಲ್ಲಿ ತನ್ನದನ್ನು ಜೋಡಿಸಿದ. ಅವಳೊಬ್ಬಳಿಗೆಂದು ಒಂದೇ ಒಂದು ಪ್ರೂಫ್ ತೆಗೆದು, ಮತ್ತೆ ಶೆಟ್ಟರ ಮೊಳೆಯನ್ನು ಸ್ವಸ್ಥಾನಕ್ಕೆ ಸೇರಿಸುವ ಅಂದಾಜು.

"ನನಗೆ ಬರೆಯಲು ಬರುವುದಿಲ್ಲ. ಗುರುವಾರ ನಿಮ್ಮ ಕಾಗದ ಬಾರದಿದ್ದರೆ ಶುಕ್ರವಾರ ನಾನು ಯಾರೊಂದಿಗೂ ಮಾತನಾಡುವುದಿಲ್ಲ. ನನಗಿರುವುದು ಒಬ್ಬಳು ತಾಯಿ, ಎರಡು ಕೋಣೆ, ಖಾಯಂ ಕೆಲಸ. ನೀವು ಬಂದರೆ ಸಂತೋಷ. ಬಾರದಿದ್ದರೂ ನನಗೇನೂ ಬೇಸರವಿಲ್ಲ."

ಪ್ರೂಫ್ ಒಣಗುವ ಮೊದಲೇ ಶೆಟ್ಟರು ಬಂದರು. ಗ್ರಹಚಾರ! ಹುಟ್ಟಿದಂದಿನಿಂದ ಪ್ರೂಫ್ ಮುಟ್ಟದವರು ಅಂದೇ ಮುಟ್ಟಿದರು. ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಇದು ನಾನು ಬರೆದದ್ದಾ?"

"ಹೌದು, ಶೆಟ್ರೇ," ಎಂದ ದುಗ್ಗಪ್ಪ. ಬೇರೆ ಎಂತ ಹೇಳುವುದು?

"ಯಾವಾಗ ಬರೆದೆನೋ ಮಾರಾಯ, ನೆನಪೇ ಇಲ್ಲ. ನೋಡು, ಕಣ್ಣಲ್ಲಿ ನೀರು ಬಂತು."

ನೂರ ಹತ್ತೊಂಬತ್ತನೆಯ ಪುಟದವರೆಗೆ ಆನೆಬಾಗಿಲಿನ ಬಂಗಲೆಯಲ್ಲಿದ್ದ ನಾಯಕ ನೂರಿಪ್ಪತ್ತರಲ್ಲಿ ಎರಡು ಕೋಣೆಗೆ ಬಂದದ್ದೂ ಖಾಯಂ ಕೆಲಸಕ್ಕೆ ಸೇರಿದ್ದೂ ಅವರ ಗಮನಕ್ಕೆ ಬೀಳಲಿಲ್ಲ. "ಇದನ್ನು ಟೀಚರಿಗೆ ಕಳಿಸುವುದು ಬೇಡ. ಅವರು ಕೈ ಹಾಕಿದರೆ ಹಾಳಾಗ್ತದೆ. ಈಗಲೇ ಮೆಷಿನಿಗೆ ಏರಿಸಿ," ಎಂದು ಅಪ್ಪಣೆ ಕೊಟ್ಟರು.

ಮಧ್ಯಾಹ್ನದೊಳಗೆ ಸಾವಿರ ಪ್ರತಿ ಅಚ್ಚಾಯಿತು. ಇನ್ನು ಮಂಗಳೂರಿಡೀ ಅದನ್ನು ಓದಬಹುದು, ಓದಬೇಕಾದವಳಿಗೆ ಮಾತ್ರ ಆದಿತ್ಯವಾರದೊಳಗೆ ಸಿಗುವುದಿಲ್ಲ. ಶುಕೂರ್ ಜ್ವರವೆಂದು ಮಲಗಿದ್ದ. ದುಗ್ಗಪ್ಪ ಗಡಿಯಾರ ನೋಡಿದ, ಬಾಗಿಲು ನೋಡಿದ, ಒಂದು ಹಾಳೆಯನ್ನು ಅಂಗಿಯೊಳಗೆ ತುರುಕಿಕೊಂಡು ಬಿಜೈಗೆ ನಡೆದ. ನಡೆದ ಎಂದದ್ದು ಮರ್ಯಾದೆಗೆ, ಅವನು ಓಡಿದ.

ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿದಳು.

"ಶುಕೂರ್ ಬರ್ಲಿಲ್ವಾ? ನೀವು ಯಾರು?"

"ದುಗ್ಗಪ್ಪ."

ಅವಳು ಗೆರಸೆಯನ್ನು ಕೆಳಗಿಟ್ಟಳು. ಅವನು ಹಾಳೆ ಕೊಟ್ಟ. ಅವಳು ಓದಿದಳು, ಪ್ರೂಫ್ ನೋಡುವವರ ಕ್ರಮದಂತೆ ಎರಡನೆಯ ಸಲವೂ ಓದಿದಳು. ಆಮೇಲೆ ಒಳಗಿನಿಂದ ಕೆಂಪು ಪೆನ್ಸಿಲ್ ತಂದು ಕೊನೆಯ ಸಾಲನ್ನು ಹೊಡೆದುಹಾಕಿದಳು.

"ಬಾರದಿದ್ದರೂ ಬೇಸರವಿಲ್ಲ ಅಂತ ಉಂಟಲ್ಲ, ಅದು ಹೌದಾ?"

"ಅಲ್ಲ."

"ಮತ್ತೆ ಯಾಕೆ ಜೋಡಿಸಿದ್ದು?"

"ಹೆದರಿ," ಎಂದ ದುಗ್ಗಪ್ಪ. "ಅದು ಸಾವಿರ ಪ್ರತಿ ಅಚ್ಚಾಗಿದೆ ಟೀಚರೇ, ಇನ್ನು ತೆಗೀಲಿಕ್ಕೆ ಆಗುವುದಿಲ್ಲ."

"ಅಚ್ಚಾದದ್ದು ಇರ್ಲಿ. ಹೌದಾದದ್ದು ಎಂತ, ಅದನ್ನು ಬಾಯಲ್ಲಿ ಹೇಳಿ. ನಾಳೆ ಬರುವವರಿಗೆ ಬಾಯಿ ಉಂಟು."

ಅಬ್ಬಬ್ಬಾ, ಅವನ ಆ ಹೊತ್ತಿನ ಅವಸ್ಥೆ ಯಾರಿಗೂ ಬೇಡ. ಮಸಿ ಮೆತ್ತಿದ ಕೈಯನ್ನು ಪಂಚೆಗೆ ಒರೆಸಿದ. ಮತ್ತೊಮ್ಮೆ ಒರೆಸಿದ. "ನೀವು ಬಾರದಿದ್ದರೆ," ಎಂದು ನಿಂತ. ಆಮೇಲೆ ಒಂದೇ ಉಸಿರಿನಲ್ಲಿ, "ನನಗೆ ಆಗುವುದಿಲ್ಲ. ನೀವೇ ಬೇಕು," ಎಂದ.

ನಳಿನಾಕ್ಷಿ ಒಳಗೆ ತಿರುಗಿ ಕೂಗಿದಳು: "ಅಮ್ಮಾ, ಕಾರ್ಕಳದವರಿಗೆ ನಾಳೆ ಬರುವುದು ಬೇಡ ಅಂತ ಹೇಳಿ ಕಳಿಸಿ. ಇಲ್ಲಿ ಒಬ್ರು ಬಂದು ಕೇಳಿದ್ದಾರೆ."

ತಾಯಿ ದೇಯಿ ಹೊರಗೆ ಬಂದಳು. ದುಗ್ಗಪ್ಪನನ್ನು ಮೇಲಿನಿಂದ ಕೆಳಗೆ ನೋಡಿದಳು. ಕೆಲಸ ಕೇಳಲಿಲ್ಲ, ಊರು ಕೇಳಲಿಲ್ಲ.

"ನಿಮ್ಮದು ಯಾವ ಬರಿ?"

ಬರಿಯೆಂದರೆ ತಾಯಿಯಿಂದ ಬರುವ ವಂಶದ ಬಳ್ಳಿ. ಅದು ಒಂದೇ ಆದರೆ ಗಂಡು ಹೆಣ್ಣು ಅಣ್ಣತಂಗಿಯ ಲೆಕ್ಕ, ಮದುವೆಯ ಮಾತು ಅಲ್ಲಿಗೇ ಮುಗಿಯಿತು. ಏಳು ತಿಂಗಳು ಅಂಚಿನಲ್ಲಿ ಹುಣಸೆಹುಳಿಯವರೆಗೂ ಬರೆದುಕೊಂಡವರು ಇದೊಂದನ್ನು ಕೇಳಿರಲಿಲ್ಲ. ಒಂದೇ ಆಗಿದ್ದರೆ ಎಂಬ ಭಯಕ್ಕೆ ದುಗ್ಗಪ್ಪನಂತೂ ಕೇಳಿರಲಿಲ್ಲ.

"ಸಾಲ್ಯಾನ್," ಎಂದ.

ದೇಯಿ ಎಲೆಯಡಿಕೆಯನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ಹಾಕಿಕೊಂಡಳು. "ನಮ್ಮದು ಬಂಗೇರ," ಎಂದಳು. "ನಿಂತದ್ದು ಯಾಕೆ? ಒಳಗೆ ಬನ್ನಿ."

ನಳಿನಾಕ್ಷಿ ಕೈಯಲ್ಲಿದ್ದ ಕೆಂಪು ಪೆನ್ಸಿಲ್ ಜಾರಿ ಬಿದ್ದದ್ದೂ ತಿಳಿಯದೆ ಗೋಡೆಗೆ ಒರಗಿ ಕುಳಿತುಬಿಟ್ಟಳು. ಅವಳೂ ಏಳು ತಿಂಗಳು ಅದೇ ಭಯಕ್ಕೆ ಕೇಳಿರಲಿಲ್ಲವೆಂದು ದುಗ್ಗಪ್ಪನಿಗೆ ಆಗ ಗೊತ್ತಾಯಿತು.